ಕೇಳಿ ಪಡೆದ ನಮ್ಮ ಅತ್ತೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಅತ್ತೆ ತೀರಿಕೊಂಡ ಸುದ್ದಿ ಕೇಳಿ ನೀನು ಕಳಿಸಿದ ಮೆಸೇಜ್ ಓದಿದೆ. ‘ಸಹನೆಯ ಮೂರ್ತಿ ಹೋಗಿಬಿಟ್ಟರು’ ಅಂತ ಬರೆದಿದ್ದೆ. ಪ್ರೀತಿಯಿಂದಲೇ ಬರೆದಿದ್ದೀಯ, ಗೊತ್ತು. ಮಣ್ಣಿಗೆ ಬಂದವರೂ ಅದೇ ಮಾತು ಆಡಿದರು. ಎಷ್ಟು ಕಷ್ಟ ಸಹಿಸಿದಳು, ಒಂದು ಮಾತು ಆಡದೆ ನುಂಗಿಕೊಂಡಳು, ಭೂಮಿತಾಯಿಯಂಥ ಹೆಂಗಸು ಅಂತೆಲ್ಲ. ನಾನು ಕೈಮುಗಿದು ಕೇಳಿಸಿಕೊಂಡೆ. ಆದರೆ ಒಪ್ಪಲಿಲ್ಲ. ನಮ್ಮ ಅತ್ತೆ ಒಂದು ಮಾತು ಆಡದೆ ನುಂಗಿಕೊಂಡವಳಲ್ಲ ಮಾರಾಯ. ಆಡಬೇಕಾದ ಮಾತನ್ನು ಆಡಬೇಕಾದ ಕಡೆ ಆಡಿಯೇ ಬದುಕಿದವಳು. ಅದನ್ನು ನಿನಗಾದರೂ ಸರಿಯಾಗಿ ಹೇಳಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ. ಅವಳ ಕೈಯ ಊಟ ಉಂಡವನು ನೀನು, ಅಲ್ವಾ?

ಸಾಗರದಲ್ಲಿ ಕಾಲೇಜು ಓದುವಾಗ ಒಂದು ಭೂಮಿ ಹುಣ್ಣಿಮೆ ಹಬ್ಬಕ್ಕೆ ನಿನ್ನನ್ನು ಅವಳ ಮನೆಗೆ ಕರೆದುಕೊಂಡು ಹೋಗಿದ್ದೆ. ಆಗ ನೀನು ನೋಡಿದ್ದು ಮನೆ ತುಂಬ ನೆಂಟರು, ಕೊಟ್ಟಿಗೆ ತುಂಬ ದನ, ಮಾತು ಮಾತಿಗೂ ನಗುವ ಒಬ್ಬ ಹೆಂಗಸು. ಅದಕ್ಕೆ ಮೊದಲಿನ ಕಥೆ ನಿನಗೆ ಅರ್ಧವೂ ಗೊತ್ತಿಲ್ಲ.

ಅತ್ತೆ ನಮ್ಮಪ್ಪನ ತಂಗಿ. ಸೊರಬದ ಕಡೆಗೆ ಕೊಟ್ಟಿದ್ದು. ಗೇಣಿ ಮಾಡುವ ಮನೆ. ಗದ್ದೆ ಒಡೆಯರದು, ದುಡಿಮೆ ಇವರದು. ಆಗಿನ ಕಾಲದಲ್ಲಿ ನಮ್ಮ ದೀವರ ಮನೆಗಳಲ್ಲಿ ಹೆಚ್ಚಿನವು ಹಾಗೇ ಇದ್ದವು. ಮಾವನ ಅಪ್ಪನನ್ನು ನಾವು ಮಕ್ಕಳೆಲ್ಲ ಅಜ್ಜ ಅಂತಿದ್ದೆವು. ಅವನು 1951ರಲ್ಲಿ ಕಾಗೋಡು ಸತ್ಯಾಗ್ರಹಕ್ಕೆ ಹೋಗಿ ಜೈಲು ಕಂಡು ಬಂದವನು. ಕಾಗೋಡಿನ ಜಗಳ ಶುರುವಾಗಿದ್ದೇ ಕೊಳಗದಿಂದ. ಗೇಣಿ ಭತ್ತ ಅಳೆಯುವಾಗ ಒಡೆಯರ ಮನೆಯ ಕೊಳಗ ದೊಡ್ಡದು. ಸರ್ಕಾರದ ಅಳತೆಯ ಕೊಳಗದಲ್ಲಿ ಅಳೆಯಿರಿ ಅಂತ ಗೇಣಿದಾರರು ಕೇಳಿದರು. ಅಷ್ಟು ಕೇಳಿದ್ದಕ್ಕೆ ಗದ್ದೆ ಬಿಡಿಸಿದರು. ರೈತ ಮುಖಂಡ ಗಣಪತಿಯಪ್ಪನವರು ಮುಂದೆ ನಿಂತರು. ಆಮೇಲೆ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಬಂದರು, ರಾಮಮನೋಹರ ಲೋಹಿಯಾ ಅವರೇ ಸಾಗರಕ್ಕೆ ಬಂದು ಬಂಧನವಾದರು. ಇದೆಲ್ಲ ನಾವು ಪುಸ್ತಕದಲ್ಲಿ ಓದಿದ್ದು. ಅತ್ತೆ ಇದನ್ನು ಕೇಳಿದ್ದು ಒಲೆ ಮುಂದೆ ಕೂತು, ಜೈಲಿಗೆ ಹೋಗಿ ಬಂದವನ ಬಾಯಿಂದ. ಮದುವೆಯಾಗಿ ಬಂದ ಹೊಸತರಲ್ಲಿ ಅಜ್ಜ ದಿನಾ ರಾತ್ರಿ ಅದೇ ಕಥೆ ಹೇಳುತ್ತಿದ್ದನಂತೆ. ಮನೆಯವರಿಗೆಲ್ಲ ಕೇಳಿ ಕೇಳಿ ಸಾಕಾಗಿತ್ತು. ಇವಳು ಮಾತ್ರ ‘ಮುಂದೆ ಎಂತಾಯ್ತು?’ ಅಂತ ಕೇಳುತ್ತಿದ್ದಳಂತೆ.

1973ರ ಬೇಸಿಗೆಯಲ್ಲಿ ಮಾವ ಹೋದ. ಮಂಗನ ಕಾಯಿಲೆ.

ನೀನು ಬಯಲುಸೀಮೆಯವನು. ಈ ಕಾಯಿಲೆ ಅಂದರೆ ನಮ್ಮ ಕಡೆ ಎಂತ ಅಂತ ಪೇಪರಲ್ಲಿ ಓದಿ ಪೂರ್ತಿ ತಿಳಿಯುವುದಿಲ್ಲ. ಮೊದಲು ಇದನ್ನು ಪತ್ತೆ ಮಾಡಿದ್ದು 1957ರಲ್ಲಿ, ಅದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದಕ್ಕೇ ಡಾಕ್ಟರುಗಳು ಇದನ್ನು ಕ್ಯಾಸನೂರು ಕಾಡಿನ ಕಾಯಿಲೆ ಅಂತ ಕರೆಯುವುದು. ಮಂಗ ಸಾಯುತ್ತದೆ, ಅದರ ಮೈಮೇಲಿನ ಉಣುಗು (ಉಣ್ಣೆ ಹುಳ) ಉದುರಿ ತರಗೆಲೆಯಲ್ಲಿ ಕೂರುತ್ತದೆ, ಕಾಡಿಗೆ ಹೋದವರ ಕಾಲಿಗೆ ಹತ್ತುತ್ತದೆ. ಡಿಸೆಂಬರ್ ಕಳೆದ ಮೇಲೆ ಮಳೆ ಬೀಳುವ ತನಕ ಇದರ ಕಾಲ. ನಮ್ಮವರು ಸೌದೆಗೆ, ಕೊಟ್ಟಿಗೆಗೆ ಹಾಸುವ ದರಕು ಗುಡಿಸಲಿಕ್ಕೆ ಕಾಡಿಗೆ ಹೋಗುವುದೂ ಅದೇ ತಿಂಗಳುಗಳಲ್ಲಿ. ಹೋಗದೆ ಇರೋಣ ಅಂದರೆ ಕೊಟ್ಟಿಗೆ ನಡೆಯುವುದಿಲ್ಲ, ಗೊಬ್ಬರ ಆಗುವುದಿಲ್ಲ.

ಮಾವನಿಗೆ ಒಂದು ಸಂಜೆ ತಲೆನೋವು ಅಂತ ಶುರುವಾಯಿತು. ರಾತ್ರಿಗೆ ಕೆಂಡದಂಥ ಜ್ವರ. ಸೊಂಟ, ಮೀನಖಂಡ ಮುಟ್ಟಿದರೆ ಕೂಗುತ್ತಿದ್ದ. ಮನೆಯಲ್ಲಿ ಗಾಳಿ ಸೋಕಿದೆ ಅಂದರು, ಚೌಡಿಗೆ ಹರಕೆ ಹೊತ್ತರು. ಒಸಡಲ್ಲಿ ರಕ್ತ ಕಂಡಾಗ ಗಾಡಿ ಕಟ್ಟಿ ಪೇಟೆ ಆಸ್ಪತ್ರೆಗೆ ಹೊರಟರು. ಇದಕ್ಕೇ ಅಂತ ಒಂದು ಔಷಧ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಜ್ವರಕ್ಕೆ, ನಿತ್ರಾಣಕ್ಕೆ ನೋಡಿಕೊಳ್ಳಬೇಕು, ಅಷ್ಟೇ. ಮಾವ ವಾಪಸು ಬರಲಿಲ್ಲ. ಅತ್ತೆಗೆ ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಮಗಳು ಅಂಗಳದಲ್ಲಿ ಆಡುವ ಹುಡುಗಿ, ಮಗ ಇನ್ನೂ ಮೊಲೆ ಬಿಟ್ಟಿರಲಿಲ್ಲ. ನಮ್ಮಪ್ಪ ಕರೆದುಕೊಂಡು ಬರಲು ಹೋದ. ‘ಗದ್ದೆ ನೆಟ್ಟಿ ಮುಗೀಲಿ ಅಣ್ಣ, ಆಮೇಲೆ ನೋಡೋಣ’ ಅಂದಳಂತೆ. ನೆಟ್ಟಿ ಮುಗಿಯಿತು, ಕೊಯ್ಲು ಮುಗಿಯಿತು. ಅವಳು ಬರಲಿಲ್ಲ.

ಮರುವರ್ಷವೇ ಭೂ ಸುಧಾರಣೆ ಬಂತು. 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರದ್ದಾಯಿತು. ಉಳುತ್ತಿದ್ದವರು ನಮೂನೆ 7ರಲ್ಲಿ ಅರ್ಜಿ ಕೊಟ್ಟರೆ ಭೂ ನ್ಯಾಯ ಮಂಡಳಿ ವಿಚಾರಣೆ ಮಾಡಿ ಅವರ ಹೆಸರಿಗೆ ಮಾಡಿಕೊಡುತ್ತಿತ್ತು. ದೇವರಾಜ ಅರಸರ ಕಾಲ. ಊರೂರಲ್ಲಿ ಅದೇ ಮಾತು. ಅಜ್ಜ ಅಷ್ಟು ಹೊತ್ತಿಗೆ ಹಾಸಿಗೆ ಹಿಡಿದಿದ್ದ. ಮೈದುನ ಬೇರೆ ಊರಲ್ಲಿ ಹೆಂಡತಿ ಮನೆ ಸೇರಿಕೊಂಡಿದ್ದವನು ಓಡಿ ಬಂದ. ‘ಹೆಣ್ಣು ಹೆಂಗಸು ಕಚೇರಿಗೆ ಹೋಗೋದು ಎಂತಕ್ಕೆ, ನಾನೇ ಅರ್ಜಿ ಹಾಕ್ತೇನೆ’ ಅಂದ. ಇನ್ನೊಂದು ಕಡೆಯಿಂದ ಒಡೆಯರ ಮನೆಯವರು ಹೇಳಿಕಳಿಸಿದರು. ಅರ್ಜಿ ಹಾಕುವುದು ಬೇಡ, ಮಕ್ಕಳಿಗೆ ಅಂತ ಒಂದಷ್ಟು ಹಣ ಕೊಡುತ್ತೇವೆ, ಗದ್ದೆ ಮಾಡಿಕೊಂಡೂ ಇರು. ಒಡೆಯರು ಕೆಟ್ಟವರು ಅಂತ ಅತ್ತೆ ಯಾವತ್ತೂ ಹೇಳಿದವಳಲ್ಲ. ಮಾವ ಹೋದಾಗ ಆ ಮನೆಯ ಹಿರಿಯರು ಅಕ್ಕಿ ಕಳಿಸಿದ್ದನ್ನೂ ಮರೆಯದೆ ಹೇಳುತ್ತಿದ್ದಳು. ಆದರೆ ಹಣ ಮಾತ್ರ ಮುಟ್ಟಲಿಲ್ಲ.

ಮೂರನೇ ಕ್ಲಾಸಿನ ತನಕ ಓದಿದ್ದಳು. ಅಕ್ಷರ ಕೂಡಿಸಿ ಓದಲು ಬರುತ್ತಿತ್ತು. ಮೊದಲು ಹೋಗಿ ಪಹಣಿ ನೋಡಿದಳು. ಸಾಗುವಳಿದಾರರ ಕಾಲಂನಲ್ಲಿ ಕೆಲವು ವರ್ಷ ಮಾವನ ಹೆಸರಿತ್ತು, ಕೆಲವು ವರ್ಷ ಬರೀ ‘ಸ್ವಂತ’ ಅಂತ ಇತ್ತು. ಸ್ವಂತ ಅಂದರೆ ಒಡೆಯರೇ ಮಾಡುತ್ತಿದ್ದರು ಅಂತ ಲೆಕ್ಕ. ಗೇಣಿಗೆ ಚೀಟಿ ಕೊಡುವ ರೂಢಿ ಸರಿಯಾಗಿ ಇರಲಿಲ್ಲ, ಇದ್ದಿದ್ದೇ ಎರಡೋ ಮೂರೋ ಚೀಟಿ. ಅಟ್ಟದ ಮೇಲೆ ಭತ್ತದ ಕಣಜದ ಹಿಂದೆ ಹುಡುಕಿ ತೆಗೆದಳು. ಅರ್ಜಿಯನ್ನು ಸ್ಕೂಲು ಮೇಷ್ಟ್ರ ಹತ್ತಿರ ಬರೆಸಿ, ತನ್ನ ಹೆಸರಲ್ಲೇ ಕೊಟ್ಟಳು.

ಆ ಮಂಡಳಿಯಲ್ಲಿ ಒಂದು ನಿಯಮವಿತ್ತು, ನಿನಗೆ ಗೊತ್ತಿದೆಯೋ ಇಲ್ಲವೋ. ವಕೀಲರು ಬಂದು ವಾದ ಮಾಡುವ ಹಾಗಿರಲಿಲ್ಲ. ಯಾರ ಮಾತು ಅವರೇ ಆಡಬೇಕು. ಬಡವರಿಗೆ ವಕೀಲರ ಖರ್ಚು ತಪ್ಪಲಿ ಅಂತ ಮಾಡಿದ್ದು ಒಳ್ಳೆಯದೇ. ಆದರೆ ಮನೆಯ ಹೊಸಿಲು ದಾಟಿ ಗಂಡಸರ ಎದುರು ಮಾತಾಡಿ ಗೊತ್ತಿಲ್ಲದ ಹೆಂಗಸಿಗೆ ಅದು ಎಷ್ಟು ಕಷ್ಟ ಯೋಚನೆ ಮಾಡು. ಹೋದಾಗೆಲ್ಲ ವಿಚಾರಣೆ ಮುಂದಕ್ಕೆ ಹೋಗುತ್ತಿತ್ತು. ಬಸ್ಸಿಲ್ಲ, ನಡೆದು ಹೋಗಿ ನಡೆದು ಬರಬೇಕು. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದಳಂತೆ.

ಕೊನೆಗೆ ವಿಚಾರಣೆಯ ದಿನ ಬಂತು. ಇದನ್ನು ನಾನು ಅವಳ ಬಾಯಿಂದ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅವತ್ತು ಸಾಕ್ಷಿಗೆ ಜೊತೆಯಲ್ಲಿ ಹೋಗಿದ್ದ ಗಡಿಗದ್ದೆಯ ಮುದುಕನ ಬಾಯಿಂದಲೂ ಕೇಳಿದ್ದೇನೆ. ಇಬ್ಬರ ಕಥೆಯೂ ಒಂದೇ. ಅಧ್ಯಕ್ಷರಾಗಿ ಉಪವಿಭಾಗದ ಸಾಹೇಬರು, ಪಕ್ಕದಲ್ಲಿ ಸದಸ್ಯರು. ಒಡೆಯರ ಕಡೆಯವರು, ಇದು ನಮ್ಮ ಸ್ವಂತ ಸಾಗುವಳಿ, ಈಕೆಯ ಗಂಡ ನಮ್ಮ ಕೂಲಿ ಆಳು ಅಂದರು. ಒಬ್ಬ ಸಾಕ್ಷಿಯನ್ನೂ ತಂದಿದ್ದರು. ಸಾಹೇಬರು ಅತ್ತೆಯನ್ನು ಕೇಳಿದರು:

‘ಗಂಡ ಇಲ್ಲ ಅಂತೀಯಲ್ಲಮ್ಮ, ಈಗ ನೇಗಿಲು ಹಿಡಿಯೋರು ಯಾರು?’

‘ನೇಗಿಲಿಗೆ ಆಳು ಕರೀತೇನೆ ಸ್ವಾಮಿ. ಆಳಿಗೆ ಕೂಲಿ ಕೊಡೋದು ನಾನು. ಅಗೆ ಹಾಕೋದು ನಾನು, ಕೀಳೋದು ನಾನು, ನೆಡೋದು ನಾನು. ಗೇಣಿ ಅಳೆದು ಕೊಟ್ಟಿದ್ದೂ ನಾನೇ.’

‘ಚಕ್ಕುಬಂದಿ ಹೇಳು.’

ಮೂಡಲಿಗೆ ಇಂಥವರ ಗದ್ದೆ, ಪಡುವಲಿಗೆ ಕಾನಿನ ಅಂಚು, ತೆಂಕಲಿಗೆ ಹಳ್ಳ, ಬಡಗಲಿಗೆ ಗಾಡಿದಾರಿ. ಗಟಗಟ ಹೇಳಿದಳು. ಹೇಳಿ ಕೂರಲಿಲ್ಲ. ‘ಸ್ವಾಮಿ, ನಾನೊಂದು ಮಾತು ಕೇಳಬಹುದಾ?’ ಅಂದಳಂತೆ. ಸಾಹೇಬರು ಕೇಳು ಅಂದರು. ‘ಆ ಸಾಕ್ಷಿ ಹೇಳೋರನ್ನ ಕೇಳಿ, ನಮ್ಮ ಮೇಲಿನ ಮಡಿಗೆ ನೀರು ಎಲ್ಲಿಂದ ಬರ್ತದೆ ಅಂತ.’

ಸಾಕ್ಷಿ ತಡಬಡಾಯಿಸದೆ ಕೆರೆ ತೂಬಿನಿಂದ ಅಂದ. ಊರಿನ ಎಲ್ಲರ ಗದ್ದೆಗೂ ನೀರು ಬರುವುದು ಕೆರೆಯಿಂದಲೇ. ಆದರೆ ಆ ಮಡಿ ಮಾತ್ರ ಕೆರೆಗಿಂತ ಎತ್ತರದಲ್ಲಿತ್ತು. ಕಾನಿನ ಬುಡದಲ್ಲಿ ಒಂದು ಒರತೆ. ಚೈತ್ರದಲ್ಲೂ ಬತ್ತದ್ದು. ಅದರ ನೀರನ್ನು ಸೀಳಿದ ಅಡಿಕೆ ಮರದ ದಬ್ಬೆಯಲ್ಲಿ ಹಾಯಿಸಿ ತರುತ್ತಿದ್ದರು. ದಬ್ಬೆ ಕೊಳೆತಾಗೆಲ್ಲ ಬದಲಾಯಿಸುತ್ತಿದ್ದದ್ದು ಇವಳು ಮತ್ತು ಮಾವ. ಅತ್ತೆ ಅದನ್ನು ಹೇಳಿ, ‘ಬೇಕಾದರೆ ಈಗಲೇ ಬಂದು ನೋಡಿ ಸ್ವಾಮಿ, ಹೊಸ ದಬ್ಬೆ ಹಾಕಿ ತಿಂಗಳಾಗಿಲ್ಲ’ ಅಂದಳು. ಗಡಿಗದ್ದೆಯ ಮುದುಕ ಎದ್ದು ಹೌದು ಅಂದ.

ಜಮೀನು ಅತ್ತೆಯ ಹೆಸರಿಗಾಯಿತು. ನಮೂನೆ 10ರ ಆ ಹಕ್ಕುಪತ್ರವನ್ನು ಅವಳು ತಗಡಿನ ಬಿಸ್ಕತ್ ಡಬ್ಬದಲ್ಲಿ, ಹಳೆ ಸೀರೆ ತುಂಡಲ್ಲಿ ಸುತ್ತಿ ಇಟ್ಟಿದ್ದಳು. ಮೊನ್ನೆ ತೆಗೆದು ನೋಡಿದೆ. ಕಾಗದ ಮಡಿಕೆಯಲ್ಲಿ ಹರಿದಿದೆ, ಒಳಗಿನಿಂದ ಅಂಟು ಹಚ್ಚಿ ಸರಿಮಾಡಿದ್ದಾಳೆ. ಅವಳ ಹೆಸರಿನ ಕೆಳಗೆ ಬೆರಳು ಇಟ್ಟು ಓದಿ ಓದಿ ಅಲ್ಲಿ ಮಾತ್ರ ಕಾಗದ ಮಾಸಿಹೋಗಿದೆ.

ಇದನ್ನು ಇಷ್ಟುದ್ದ ಬರೆದೆ. ಯಾಕೆಂದರೆ ಊರಲ್ಲಿ ಈಗ ಈ ಕಥೆಯನ್ನು ‘ಅರಸರು ಭೂಮಿ ಕೊಟ್ಟರು’ ಅಂತ ಒಂದೇ ಸಾಲಲ್ಲಿ ಮುಗಿಸುತ್ತಾರೆ. ಕಾನೂನು ಕೊಟ್ಟಿದ್ದು ಸರ್ಕಾರ, ನಿಜ. ಅದು ದೊಡ್ಡ ಕೆಲಸ. ಆದರೆ ಅರ್ಜಿ ಹಾಕದವರಿಗೆ, ಹೆದರಿ ವಾಪಸು ತೆಗೆದುಕೊಂಡವರಿಗೆ, ಮೈದುನರಿಗೆ ಬಿಟ್ಟುಕೊಟ್ಟ ಹೆಂಗಸರಿಗೆ ಏನೂ ಸಿಗಲಿಲ್ಲ. ಅಂಥ ಮನೆಗಳು ಅವಳ ಊರಲ್ಲೇ ಇದ್ದವು. ಅತ್ತೆಗೆ ಅವರ ಮೇಲೆ ಕನಿಕರ ಇತ್ತು. ‘ಅವಳಿಗೆ ಜೊತೆಗೆ ಬರೋರು ಒಬ್ಬರು ಇರಲಿಲ್ಲ ಕಣೋ’ ಅನ್ನುತ್ತಿದ್ದಳು.

ನಾನು ಹೈಸ್ಕೂಲಿಗೆ ಅಂತ ಅವಳ ಮನೆ ಸೇರಿದ್ದು ಇದೆಲ್ಲ ಮುಗಿದ ಮೇಲೆ. ನಮ್ಮೂರಲ್ಲಿ ಹೈಸ್ಕೂಲು ಇರಲಿಲ್ಲ. ಅವಳ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದಿತ್ತು. ಆ ವರ್ಷಗಳಲ್ಲಿ ನಾನು ಕಂಡ ಅತ್ತೆ ಸದಾ ಕೆಲಸದಲ್ಲಿರುತ್ತಿದ್ದಳು. ಮಳೆಗಾಲದಲ್ಲಿ ಗೊರಬು ಹೊದ್ದು ಗದ್ದೆಯಲ್ಲಿ, ಬೇಸಿಗೆಯಲ್ಲಿ ಚಾಪೆ ನೇಯುತ್ತ ಜಗಲಿಯಲ್ಲಿ. ಮೊದಲ ಮಳೆಗೆ ಹೊಸ ನೀರಿಗೆ ಎದುರಾಗಿ ಹತ್ತಿ ಬರುವ ಹತ್ತುಮೀನು ಬಂದರೆ ರಾತ್ರಿ ನಮ್ಮನ್ನೆಲ್ಲ ಎಬ್ಬಿಸಿ ಕರೆದುಕೊಂಡು ಹೋಗುತ್ತಿದ್ದಳು. ಕಳಲೆ ಕಾಲದಲ್ಲಿ ಕಳಲೆ, ಏಡಿ ಕಾಲದಲ್ಲಿ ಏಡಿ. ಬಡತನ ಇತ್ತು, ಆದರೆ ತಟ್ಟೆಯಲ್ಲಿ ರುಚಿ ಇಲ್ಲದ ದಿನ ನನಗೆ ನೆನಪಿಲ್ಲ.

ಬೇಸಿಗೆಯ ಒಂದು ಕಟ್ಟಳೆ ಮಾತ್ರ ಮರೆಯುವ ಹಾಗೇ ಇಲ್ಲ. ಜನವರಿ ಬಂತು ಅಂದರೆ ಸಂಜೆ ನಾವು ಮೂರೂ ಮಕ್ಕಳು ಜಗಲಿ ಮೇಲೆ ಸಾಲಾಗಿ ಕೂರಬೇಕು. ಬುಡ್ಡಿ ದೀಪ ಹತ್ತಿರ ಹಿಡಿದು ಒಬ್ಬೊಬ್ಬರನ್ನೇ ನೋಡುತ್ತಿದ್ದಳು. ಮೊಣಕಾಲಿನ ಹಿಂದೆ, ಬೆರಳ ಸಂದಿ, ಕಿವಿಯ ಹಿಂದೆ, ಉಡಿದಾರದ ಕೆಳಗೆ. ಮರಿ ಉಣುಗು ಎಳ್ಳಿಗಿಂತ ಚಿಕ್ಕದು, ಕಣ್ಣಿಗೆ ಬೇಗ ಬೀಳುವುದಿಲ್ಲ. ಉಗುರಿನ ತುದಿಯಿಂದ ಮೆಲ್ಲಗೆ ಸವರುತ್ತ ಹೋಗುತ್ತಿದ್ದಳು. ಸಿಕ್ಕಿದರೆ ಚಿವುಟುತ್ತಿರಲಿಲ್ಲ, ಬುಡದಲ್ಲಿ ಹಿಡಿದು ಎಳೆದು ಕೆಂಡಕ್ಕೆ ಹಾಕುತ್ತಿದ್ದಳು. ಆಮೇಲೆ ಬಿಸಿನೀರಿನ ಸ್ನಾನ. ಆ ಹೊತ್ತಿನಲ್ಲಿ ಅವಳು ಮಾತಾಡುತ್ತಿರಲಿಲ್ಲ. ನಾವೂ ಆಡುತ್ತಿರಲಿಲ್ಲ. ಅವಳ ಮಗ ಮಾತ್ರ ಕಚಗುಳಿ ಆಗಿ ನಕ್ಕು ಬೈಸಿಕೊಳ್ಳುತ್ತಿದ್ದ.

ಆಮೇಲೆ ಲಸಿಕೆ ಬಂತಲ್ಲ, 1990ರ ಸುಮಾರಿಗೆ, ಆಗ ಊರವರು ಹಾಕಿಸಿಕೊಳ್ಳಲು ಹಿಂದೆಮುಂದೆ ನೋಡಿದರು. ಆ ಚುಚ್ಚುಮದ್ದು ವಿಪರೀತ ನೋವು. ತಿಂಗಳ ಅಂತರದಲ್ಲಿ ಎರಡು, ಆಮೇಲೆ ಮತ್ತೆ ಬೂಸ್ಟರ್, ಮತ್ತೆ ವರ್ಷ ವರ್ಷ. ಒಂದು ಸಲ ಹಾಕಿಸಿಕೊಂಡವರು ಎರಡನೇ ಸಲ ನರ್ಸ್ ಬಂದರೆ ತೋಟದ ಕಡೆ ಹೋಗಿಬಿಡುತ್ತಿದ್ದರು. ಅತ್ತೆ ಎಲ್ಲರ ಎದುರು ಮೊದಲು ತಾನು ತೋಳು ಕೊಟ್ಟು, ಆಮೇಲೆ ಮನೆ ಮನೆಗೆ ನರ್ಸ್ ಜೊತೆ ಹೋಗುತ್ತಿದ್ದಳು. ‘ನೋವಾಗ್ತದೆ, ಎರಡು ದಿನ ಆಗ್ತದೆ. ನನಗೆ ಆದದ್ದು ಎಷ್ಟು ವರ್ಷದ ನೋವು ಗೊತ್ತಾ?’ ಅಂತ ಒಬ್ಬ ಹುಡುಗನಿಗೆ ಕೇಳಿದ್ದನ್ನು ನಾನೇ ಕೇಳಿದ್ದೇನೆ. ಆ ಹುಡುಗ ಅಂಗಿ ತೋಳು ಮಡಚಿದ.

2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಕಡೆ ಕಾಯಿಲೆ ಹರಡಿ ಜನ ಸತ್ತ ಸುದ್ದಿ ಟಿವಿಯಲ್ಲಿ ಬರುತ್ತಿದ್ದಾಗ ಅತ್ತೆಗೆ ಊಟ ಸೇರುತ್ತಿರಲಿಲ್ಲ. ಅಲ್ಲಿಗೆ ಎಣ್ಣೆ ಕಳಿಸಿದ್ದಾರಾ, ಕಾಡಿಗೆ ಹೋಗಬೇಡಿ ಅಂತ ಹೇಳಿದ್ದಾರಾ ಅಂತ ನನ್ನ ಹತ್ತಿರ ಫೋನ್ ಮಾಡಿ ವಿಚಾರಿಸುತ್ತಿದ್ದಳು. ಎಣ್ಣೆ ಅಂದರೆ ಕಾಡಿಗೆ ಹೋಗುವ ಮುಂಚೆ ಮೈಗೆ ಹಚ್ಚಿಕೊಳ್ಳುವ ಡಿಎಂಪಿ ಎಣ್ಣೆ, ಉಣುಗು ಹತ್ತದ ಹಾಗೆ. 2022ರಲ್ಲಿ ಹಳೆ ಲಸಿಕೆ ಅಷ್ಟಾಗಿ ಕೆಲಸ ಮಾಡುತ್ತಿಲ್ಲ ಅಂತ ನಿಲ್ಲಿಸಿದರು. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: ‘ಹಾಗಾರೆ ಹೊಸದು ಯಾವಾಗ ಬರ್ತದೆ?’ ಆ ಹುಡುಗಿ ಪಾಪ, ಅವಳಿಗೆ ಹೇಗೆ ಗೊತ್ತಿರಬೇಕು. ಆದರೆ ಆ ಪ್ರಶ್ನೆ ಕೇಳಬೇಕಾದದ್ದೇ. ಮಲೆನಾಡಿನವರೆಲ್ಲ ಗಟ್ಟಿಯಾಗಿ ಕೇಳಬೇಕಾದದ್ದು. ಅರವತ್ತೈದು ವರ್ಷ ಕಳೆದರೂ ಒಂದು ಸರಿಯಾದ ಲಸಿಕೆ, ಒಂದು ಔಷಧ ಕೈಗೆ ಸಿಕ್ಕಿಲ್ಲ ಅಂದರೆ ನನಗೆ ಸಿಟ್ಟು ಬರುತ್ತದೆ. ಹೆಚ್ಚಾಗಿ ಕಾಡಂಚಿನ ಬಡವರಿಗೇ ಬರುವ ಕಾಯಿಲೆ ಅಲ್ವಾ, ಅದಕ್ಕೇ ಹೀಗೆ ಅಂತ ಅನ್ನಿಸುತ್ತದೆ.

ಭೂಮಿ ಹುಣ್ಣಿಮೆಯ ವಿಷಯಕ್ಕೆ ಬರುತ್ತೇನೆ. ನೀನು ಅವತ್ತು ಗದ್ದೆಗೆ ಎಡೆ ಒಯ್ಯುವ ಆ ಚಿತ್ತಾರದ ಬುಟ್ಟಿ ನೋಡಿ ‘ಇದನ್ನ ಯಾರು ಮಾಡಿದ್ದು?’ ಅಂತ ಕೇಳಿದ್ದೆ. ಅತ್ತೆ ಉತ್ತರ ಹೇಳದೆ ಬುಟ್ಟಿ ಎತ್ತಿ ನಿನ್ನ ತಲೆ ಮೇಲೆ ಇಟ್ಟು ‘ನಡಿ ಗದ್ದೆಗೆ’ ಅಂದಳು. ನೆನಪಿದೆಯಾ? ದಾರಿಯುದ್ದಕ್ಕೂ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಬಂದಿದ್ದೆ.

ಅದನ್ನು ಬರೆಯುವುದು ನೀನು ನೋಡಿಲ್ಲ. ವಿಜಯದಶಮಿ ಕಳೆದ ಮೇಲೆ ಶುರು. ಬಿದಿರಿನ ಬುಟ್ಟಿಗೆ ಮೊದಲು ಸಗಣಿ ಬಳಿದು ಒಣಗಿಸುತ್ತಾಳೆ, ಅದರ ಮೇಲೆ ಕೆಮ್ಮಣ್ಣು. ಅಕ್ಕಿ ನೆನೆಸಿ ನುಣ್ಣಗೆ ಅರೆದ ಹಿಟ್ಟು ಒಂದು ಗರಟದಲ್ಲಿ. ಕುಂಚ ಅಂದರೆ ಪುಂಡಿ ನಾರು. ನಾರಿನ ತುದಿಯನ್ನು ಹಲ್ಲಲ್ಲಿ ಜಗಿದು, ಬೇಕಾದಷ್ಟೇ ಎಳೆ ಬಿಟ್ಟು ಉಳಿದದ್ದನ್ನು ಕತ್ತರಿಸುತ್ತಿದ್ದಳು. ಬುಟ್ಟಿಯನ್ನು ತೊಡೆಯ ಸಂದಿಯಲ್ಲಿ ಒತ್ತಿ ಹಿಡಿದು ಬಲಗೈಯ ಕಿರುಬೆರಳನ್ನು ಬುಟ್ಟಿಗೆ ಊರಿ ಗೆರೆ ಎಳೆಯುತ್ತಿದ್ದಳು. ಉಸಿರು ಬಿಗಿ ಹಿಡಿದು ಒಂದು ಗೆರೆ, ಉಸಿರು ಬಿಟ್ಟು ಮತ್ತೆ ಅದ್ದುವುದು. ಭತ್ತದ ತೆನೆ, ಏಣಿ, ಅಡಿಕೆ ಮರ, ಮೂಲೆಯಲ್ಲಿ ಎರಡು ಹಕ್ಕಿ. ಮೊದಲೇ ಗುರುತು ಹಾಕಿಕೊಳ್ಳುವುದಿಲ್ಲ. ಬುಟ್ಟಿ ಸುತ್ತಿ ಬಂದ ಗೆರೆ ಹೊರಟ ಜಾಗಕ್ಕೇ ಬಂದು ಕೂಡುತ್ತಿತ್ತು.

ಮಾವ ತೀರಿಕೊಂಡ ವರ್ಷ ಊರಿನ ಒಬ್ಬ ಹಿರಿಯ ಹೆಂಗಸು, ಈ ಸಲ ಬುಟ್ಟಿ ಬೇರೆಯವರು ಬರೆಯಲಿ ಅಂದರಂತೆ. ಗರ್ಭಿಣಿ ಭೂಮಿತಾಯಿಗೆ ಬಯಕೆ ಊಟ ಬಡಿಸುವ ಹಬ್ಬ, ಮುತ್ತೈದೆ ಕೈ ಆಗಬೇಕು ಅಂತ. ಅತ್ತೆ ಅವರಿಗೆ ಎದುರು ಮಾತಾಡಲಿಲ್ಲ. ‘ಈ ಗದ್ದೆಗೆ ಅಗೆ ನೆಟ್ಟಿದ್ದು ಈ ಕೈಯೇ ಅಲ್ವನೇ ದೊಡ್ಡಮ್ಮ? ಆಗ ಬೇಡ ಅಂದಿರಲಿಲ್ಲವಲ್ಲ’ ಅಂತ ಕೇಳಿದಳು, ಅಷ್ಟೇ. ಆ ದೊಡ್ಡಮ್ಮನೇ ಆಮೇಲೆ ಬಂದು ಅಕ್ಕಿ ಅರೆದುಕೊಟ್ಟರಂತೆ. ಅವರಿಬ್ಬರೂ ಕೊನೆತನಕ ಒಳ್ಳೆ ಗೆಳತಿಯರಾಗಿದ್ದರು.

ಹಬ್ಬದ ಹಿಂದಿನ ರಾತ್ರಿ ನಿದ್ದೆ ಇಲ್ಲ. ಕಾನಿನಿಂದ, ಬೇಲಿಯಿಂದ ತಂದ ಬಗೆಬಗೆಯ ಕುಡಿ, ಸೊಪ್ಪು, ಹೀರೆಕಾಯಿ, ಅಮಟೆಕಾಯಿ ಎಲ್ಲ ಸೇರಿಸಿ ಹಚ್ಚಂಬಲಿ ಬೇಯಿಸುವುದು. ಹಲಸಿನೆಲೆ ಕೊಟ್ಟೆ ಚುಚ್ಚಿ ಕಡುಬು ಹೊಯ್ಯುವುದು. ನಮೂನೆ 10 ಕೈಗೆ ಬಂದ ವರ್ಷ ಹಬ್ಬದ ದಿನ ಅತ್ತೆ ಎಡೆ ಇಡುವಾಗ ಅತ್ತಳು ಅಂತ ನನ್ನ ಅತ್ತಿಗೆ, ಅಂದರೆ ಅವಳ ಮಗಳು, ಹೇಳಿದಳು. ಅವಳು ಅತ್ತದ್ದನ್ನು ಮಕ್ಕಳು ಕಂಡಿದ್ದು ಅದೇ ಮೊದಲಂತೆ. ಮಾವ ಸತ್ತಾಗ ಅವರಿಗೆ ತಿಳಿಯುವ ವಯಸ್ಸಲ್ಲ.

ತೊಂಬತ್ತರ ದಶಕದ ಕೊನೆಗೆ ಅಡಿಕೆಗೆ ಭಾರಿ ರೇಟು ಬಂತಲ್ಲ, ಆಗ ಊರಿನ ಗದ್ದೆಯೆಲ್ಲ ತೋಟವಾಗಲು ಶುರುವಾಯಿತು. ಮಗನೂ ಹಾರೆ ಹಿಡಿದ. ಅತ್ತೆ ಬೇಡ ಅನ್ನಲಿಲ್ಲ. ‘ಹಾಕು, ಆದರೆ ಮೇಲಿನ ಮಡಿ ಮುಟ್ಟಬೇಡ. ಮನೆಗೆ ಅಕ್ಕಿ ಬೇಕು, ದನಕ್ಕೆ ಹುಲ್ಲು ಬೇಕು’ ಅಂದಳು. ಒರತೆ ನೀರಿನ ಮಡಿ ಅದು. 2000ದ ಹೊತ್ತಿಗೆ ರೇಟು ಬಿದ್ದು ಊರೆಲ್ಲ ಕಂಗಾಲಾದಾಗ ಇವರ ಮನೆಯಲ್ಲಿ ಕನಿಷ್ಠ ಅಕ್ಕಿ ಕೊಳ್ಳುವ ಚಿಂತೆ ಇರಲಿಲ್ಲ. ಈಗ ಮತ್ತೆ ಎಲೆಚುಕ್ಕಿ ರೋಗ ಬಂದು ತೋಟ ಸೊರಗಿದೆ. ಆ ಮಡಿ ಈಗಲೂ ಗದ್ದೆಯಾಗಿಯೇ ಇದೆ.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ಅತ್ತೆ ದಿನಾ ಭದ್ರಾವತಿ ಆಕಾಶವಾಣಿ ಕೇಳುತ್ತಿದ್ದಳು. ಕೃಷಿ ಕಾರ್ಯಕ್ರಮ ತಪ್ಪಿಸುತ್ತಿರಲಿಲ್ಲ. ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಸಮಪಾಲು ಅಂತ ನಮ್ಮ ರಾಜ್ಯದಲ್ಲಿ 1994ರಲ್ಲೇ ಕಾನೂನು ಬಂತು. ಅದು ರೇಡಿಯೋದಲ್ಲಿ ಕಿವಿಗೆ ಬಿದ್ದಿತ್ತು. ತಲೆಯಲ್ಲಿ ಇಟ್ಟುಕೊಂಡಿದ್ದಳು. ಮೊಮ್ಮಕ್ಕಳೆಲ್ಲ ದೊಡ್ಡವರಾದ ಮೇಲೆ ಒಂದು ದಿನ ಮಗನನ್ನೂ ಮಗಳನ್ನೂ ಕೂರಿಸಿ, ಜಮೀನು ಇಬ್ಬರಿಗೂ ಸರಿಪಾಲು ಅಂದಳು. ಮಗಳು ಟೀಚರ್, ಸಂಬಳ ಇದೆ, ಅವಳಿಗೆ ಎಂತಕ್ಕೆ ಅಂತ ಮಗ ಮುನಿಸಿಕೊಂಡ. ಕೆಲವು ತಿಂಗಳು ತಾಯಿ ಮಗ ಸರಿಯಾಗಿ ಮಾತಾಡಲಿಲ್ಲ. ನನ್ನನ್ನೂ ಮಧ್ಯಸ್ಥಿಕೆಗೆ ಕರೆದಿದ್ದರು. ಅತ್ತೆ ಮಗನಿಗೆ ಹೇಳಿದ ಮಾತು ನಾನು ಮರೆಯುವುದಿಲ್ಲ: ‘ನಿಮ್ಮ ಚಿಕ್ಕಪ್ಪ ಅವತ್ತು ನನಗೆ ಎಂತ ಹೇಳಿದ್ದನೋ ಅದನ್ನೇ ಇವತ್ತು ನೀನು ನಿನ್ನ ಅಕ್ಕನಿಗೆ ಹೇಳ್ತಿದ್ದೀಯಲ್ಲೋ ಮಗಾ.’ ಮಗ ತಲೆ ತಗ್ಗಿಸಿ ಕೂತ. ಮುಂದಿನ ವಾರ ತಾನೇ ಅಮ್ಮನನ್ನು ಬೈಕಿನ ಮೇಲೆ ಕೂರಿಸಿಕೊಂಡು ನೋಂದಣಿ ಕಚೇರಿಗೆ ಕರೆದುಕೊಂಡು ಹೋದ. ಮೇಲಿನ ಮಡಿ ಅತ್ತಿಗೆಯ ಪಾಲಿಗೆ ಬಂದಿದೆ. ಸಾಗುವಳಿ ತಮ್ಮನೇ ಮಾಡುತ್ತಾನೆ, ಭತ್ತದಲ್ಲಿ ಅರ್ಧ ಅಕ್ಕನ ಮನೆಗೆ ಹೋಗುತ್ತದೆ. ಮನೆಯ ಕೊಳಗದಲ್ಲೇ ಅಳೆಯುತ್ತಾರೆ, ಅಜ್ಜ ಜೈಲಿಂದ ಬಂದ ಮೇಲೆ ಮಾಡಿಸಿದ್ದು.

ಅತ್ತಿಗೆಗೆ ಈಗ ನೌಕರಿಯಿಂದ ನಿವೃತ್ತಿಯಾಗಿದೆ. ಅಮ್ಮನ ಹತ್ತಿರ ಕೂತು ಕಲಿತವಳು, ಈ ವರ್ಷ ಬುಟ್ಟಿ ತಾನೇ ಬರೆಯುತ್ತೇನೆ ಅಂದಿದ್ದಾಳೆ. ಬೆಂಗಳೂರಿಂದ ರಾತ್ರಿ ತಾಳಗುಪ್ಪ ರೈಲು ಹತ್ತಿದರೆ ಬೆಳಿಗ್ಗೆ ಸಾಗರದಲ್ಲಿ ಇಳಿಯುತ್ತೀಯ, ನಾನು ಸ್ಟೇಷನ್ನಿಗೆ ಬರುತ್ತೇನೆ. ಹಬ್ಬದ ಹಿಂದಿನ ದಿನವೇ ಬಂದುಬಿಡು. ಮಗಳನ್ನೂ ಕರೆದುಕೊಂಡು ಬಾ, ಕೊಟ್ಟೆ ಚುಚ್ಚಲು ಕೈ ಎಷ್ಟಿದ್ದರೂ ಸಾಲದು. ಟಿಕೆಟ್ ಈಗಲೇ ಮಾಡಿಸು, ಹಬ್ಬದ ವಾರ ಸೀಟು ಸಿಗುವುದಿಲ್ಲ.

ಇಂತಿ ನಿನ್ನ ಪ್ರೀತಿಯ ಗೆಳೆಯ